ಅರ್ಜಿಯೂ ಮಾತನಾಡಲಿ

ಸ್ಮರಣ ಸಂಚಿಕೆಗಳಲ್ಲಿ ಕಟ್ಟಿದ ಕೊಠಡಿಗಳನ್ನು, ಪಡೆದ ಫಲಿತಾಂಶಗಳನ್ನು, ದಾನಿಗಳ ಔದಾರ್ಯವನ್ನು ನೆನೆಯುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಮುಂದೆ ಸರಿಪಡಿಸಬೇಕಾದುದನ್ನು ನೆನಪಿಸುವುದೂ ಇಂತಹ ಸಂಚಿಕೆಯ ಕರ್ತವ್ಯವೇ ಆಗಿದೆ. ಆ ದೃಷ್ಟಿಯಿಂದ, ನಾವು ಗಮನಿಸದೆಯೇ ಮುಚ್ಚಿಕೊಂಡಿರುವ ಒಂದು ಬಾಗಿಲಿನ ಕಡೆಗೆ ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಲಕ್ಷ್ಯವನ್ನು ಸೆಳೆಯಬಯಸುತ್ತೇನೆ.

ಇಂದು ಜಾತಿ ಮತ್ತು ಆದಾಯದ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಮಾಸಾಶನ, ಕಾಲೇಜು ಪ್ರವೇಶ, ನೌಕರಿ ಎಲ್ಲಕ್ಕೂ ಜಾಲತಾಣದಲ್ಲಿಯೇ ಅರ್ಜಿ ಸಲ್ಲಿಸಬೇಕು. ಕಾಗದದ ಅರ್ಜಿಯ ಕಾಲ ಬಹುಮಟ್ಟಿಗೆ ಮುಗಿದಿದೆ. ಕಣ್ಣುಳ್ಳವರಿಗೆ ಇದರಿಂದ ಅನುಕೂಲವೇ ಆಯಿತು. ಅಂಧರಿಗೂ ಆಗಬೇಕಾಗಿತ್ತು. ಏಕೆಂದರೆ ಗಣಕಯಂತ್ರದ ತೆರೆಯ ಮೇಲಿನ ಅಕ್ಷರವನ್ನು ಧ್ವನಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಅವರ ಕೈಯಲ್ಲಿದೆ. ಆಸ್ಟ್ರೇಲಿಯಾದ ಅಂಧ ತರುಣನೊಬ್ಬನು 2006ರಲ್ಲಿ ರಚಿಸತೊಡಗಿದ ಎನ್‌ವಿಡಿಎ ಎಂಬ ಇಂತಹ ತಂತ್ರಾಂಶವು ಇಂದಿಗೂ ಉಚಿತವಾಗಿಯೇ ದೊರೆಯುತ್ತದೆ. ಕನ್ನಡವನ್ನೂ ಓದಿ ಹೇಳುತ್ತದೆ. ಆದುದರಿಂದ ಸಾಧನವಿಲ್ಲವೆಂಬುದು ಕೊರತೆಯಲ್ಲ. ಕೊರತೆ ಇರುವುದು ಅರ್ಜಿಯಲ್ಲಿ.

ಮೊಳಕಾಲ್ಮುರು ಕಡೆಯ ಒಬ್ಬ ಅಂಧ ವಿದ್ಯಾರ್ಥಿ ನನಗೆ ಪರಿಚಿತನು. ಬ್ರೈಲ್ ಬಲ್ಲವನು, ಮೊಬೈಲಿನಲ್ಲಿ ಪತ್ರಿಕೆಯನ್ನು ಓದಿಸಿಕೊಂಡು ಕೇಳುವವನು. ವಿದ್ಯಾರ್ಥಿವೇತನದ ಅರ್ಜಿಯನ್ನು ತಾನೇ ತುಂಬಬೇಕೆಂದು ಕುಳಿತನು. ಯಂತ್ರವು ಪ್ರತಿಯೊಂದು ಖಾನೆಯಲ್ಲಿಯೂ ‘ಎಡಿಟ್, ಬ್ಲ್ಯಾಂಕ್’ ಎಂದಷ್ಟೇ ಹೇಳಿತು. ಅದು ಹೆಸರಿನ ಖಾನೆಯೋ, ತಂದೆಯ ಹೆಸರಿನದೋ, ಬ್ಯಾಂಕ್ ಖಾತೆಯದೋ ತಿಳಿಯಲಿಲ್ಲ. ಊಹಿಸಿ ತುಂಬಿದುದಾಯಿತು. ಕೊನೆಯಲ್ಲಿ ಚಿತ್ರದೊಳಗಿನ ಸೊಟ್ಟ ಅಕ್ಷರಗಳನ್ನು ನೋಡಿ ಬರೆಯಬೇಕೆಂಬ ನಿಬಂಧನೆ ಬಂದಿತು. ಅಲ್ಲಿಗೆ ಅವನ ಪ್ರಯತ್ನ ನಿಂತಿತು. ಮರುದಿನ ಪೇಟೆಯ ಅಂಗಡಿಯೊಂದರಲ್ಲಿ ಹತ್ತು ಜನರೆದುರು ತನ್ನ ಆಧಾರ್ ಸಂಖ್ಯೆಯನ್ನೂ, ಮನೆಯ ಆದಾಯವನ್ನೂ, ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನೂ ಕೂಗಿ ಹೇಳಿ ಅರ್ಜಿ ತುಂಬಿಸಬೇಕಾಯಿತು. ಅವನು ನನಗೆ ಹೇಳಿದ ಮಾತು ಇಷ್ಟೇ: “ಮೇಷ್ಟ್ರೇ, ನನಗೆ ಓದುಬರಹ ಬರುತ್ತದೆ. ಆ ಖಾನೆಗಳಿಗೇ ತಮ್ಮ ಹೆಸರು ಹೇಳಿಕೊಳ್ಳಲು ಬರುವುದಿಲ್ಲ.”

ಈ ಮಾತಿನಲ್ಲಿಯೇ ರೋಗದ ನಿದಾನವಿದೆ. ಖಾನೆಯ ಪಕ್ಕದಲ್ಲಿ ‘ಹೆಸರು’ ಎಂದು ಬರೆದಿದ್ದರೆ ಕಣ್ಣಿಗೆ ಸಾಕು, ಯಂತ್ರಕ್ಕೆ ಸಾಲದು. ಈ ಹೆಸರು ಈ ಖಾನೆಯದೆಂದು ಅರ್ಜಿಯನ್ನು ರಚಿಸುವವನು ಒಳಗಿನ ಬರಹದಲ್ಲಿ ಗಂಟುಹಾಕಬೇಕು. ಕಡ್ಡಾಯದ ಖಾನೆಯನ್ನು ಕೆಂಪು ಬಣ್ಣದಿಂದ ಮಾತ್ರ ಸೂಚಿಸದೆ ‘ಕಡ್ಡಾಯ’ ಎಂದು ಅಕ್ಷರದಲ್ಲಿ ಹೇಳಬೇಕು. ತಪ್ಪಾದರೆ ಯಾವ ಖಾನೆಯಲ್ಲಿ ಏನು ತಪ್ಪೆಂದು ಯಂತ್ರ ಓದಿ ಹೇಳುವಂತಿರಬೇಕು. ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಮೊದಲಿನಿಂದ ಕೊನೆಯವರೆಗೆ ಸಾಗುವಂತಿರಬೇಕು. ಕನ್ನಡವನ್ನು ಯೂನಿಕೋಡಿನಲ್ಲಿಯೇ ಅಳವಡಿಸಬೇಕು. ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಬಾಯಲ್ಲಿ ಅರ್ಥವಿಲ್ಲದ ಗೊಣಗಾಟವಾಗುತ್ತದೆ. ಇವು ಹೊಸ ಸಂಶೋಧನೆಗಳಲ್ಲ. ವಿಶ್ವಜಾಲದ ಒಕ್ಕೂಟವು 1999ರಲ್ಲಿಯೇ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಖಾನೆಗೂ ಅದರ ಹೆಸರಿಗೂ ಸಂಬಂಧ ಕಲ್ಪಿಸಬೇಕೆಂದು ಹೇಳಿದೆ. ಮೊದಲೇ ಮಾಡಿದರೆ ಇದಕ್ಕೆ ಹೆಚ್ಚಿನ ವೆಚ್ಚವೂ ಇಲ್ಲ.

“ಪಕ್ಕದವರು ತುಂಬಿಕೊಟ್ಟರೆ ಆಯಿತಲ್ಲ, ಇದಕ್ಕೆ ಇಷ್ಟು ಮಾತೇಕೆ?” ಎಂದು ಕೇಳುವವರುಂಟು. ಅವರು ಸಜ್ಜನರೇ. ಆದರೆ ನೆರವು ನೀಡುವುದು ಬೇರೆ, ನೆರವಿಲ್ಲದೆ ಹೆಜ್ಜೆಯಿಡಲಾಗದಂತೆ ದಾರಿ ಕಟ್ಟುವುದು ಬೇರೆ. ಮೊದಲನೆಯದು ದಯೆ, ಎರಡನೆಯದು ಅನ್ಯಾಯ. ತಾನೇ ಮಾಡಬಲ್ಲ ಕಾಯಕವನ್ನು ಇನ್ನೊಬ್ಬರಿಂದ ಬೇಡಿ ಪಡೆಯುವಂತೆ ಮಾಡುವುದು ಶರಣರ ಮಾರ್ಗವಲ್ಲ. ನಮ್ಮ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿ, ಮಾಡಿದಷ್ಟು ನೀಡು ಭಿಕ್ಷೆ ಎಂದು ಸಾರಿದವರು. ದುಡಿಮೆಗೆ ತಕ್ಕ ಫಲವೆಂಬುದು ಅದರ ಅರ್ಥ. ದುಡಿಯಲು ಸಿದ್ಧನಾದವನಿಗೆ ಗುದ್ದಲಿಯನ್ನೇ ಕೊಡದಿದ್ದರೆ ಆ ಮಾತಿಗೆ ಬೆಲೆಯೆಲ್ಲಿ?

ಅಂಧರಿಗೆ ಸರಿಯಾದ ಸಾಧನ ದೊರೆತಾಗ ಏನಾಗುತ್ತದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ ಬಾಲಕರನ್ನು ಸಂಗೀತಗಾರರನ್ನಾಗಿ ರೂಪಿಸಿದರು. ಪುಟ್ಟರಾಜರು ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ರಚಿಸಿದರು. 2010ರಲ್ಲಿ ಪದ್ಮಭೂಷಣಕ್ಕೆ ಪಾತ್ರರಾದರು. ಆ ಆಶ್ರಮವು ಮಕ್ಕಳಿಗೆ ಅನುಕಂಪವನ್ನಷ್ಟೇ ಹಂಚಲಿಲ್ಲ, ವಿದ್ಯೆಯನ್ನು ಕೈಗೆಟುಕುವಂತೆ ಇಟ್ಟಿತು.

ಕಾನೂನೂ ಈಗ ಇದೇ ಮಾತನ್ನು ಹೇಳುತ್ತಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಕಟ್ಟಡ ಮತ್ತು ಸೌಲಭ್ಯಗಳು ಇಂತಹವರಿಗೂ ಎಟುಕುವಂತಿರಬೇಕು. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು, ಗಣಕಜಾಲದ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ತೀರ್ಪಿತ್ತಿತು. ಬ್ಯಾಂಕ್ ಮೊದಲಾದೆಡೆ ಗುರುತು ದೃಢಪಡಿಸಲು ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಬೇಕೆಂಬ ಕ್ರಮದಿಂದ ಅಂಧರಿಗೂ, ಆಮ್ಲದಾಳಿಗೆ ತುತ್ತಾದವರಿಗೂ ಆದ ತೊಡಕೇ ಆ ಮೊಕದ್ದಮೆಗೆ ಕಾರಣವಾಗಿತ್ತು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು. ಕಲ್ಲಿನಲ್ಲಿ ಕೊರೆದಿದ್ದರೂ ಆ ಬರಹ ತನ್ನನ್ನು ಘೋಷಣೆಯೆಂದೇ ಕರೆದುಕೊಳ್ಳುತ್ತದೆ. ಅಂದರೆ ಕಿವಿಗೆ ಕೇಳಿಸಬೇಕಾದ ಮಾತು. ಅಕ್ಷರ ಬಾರದವನಿಗೂ ರಾಜನ ಮಾತು ತಲಪಬೇಕೆಂಬ ವಿವೇಕ ಈ ನೆಲದ ಬಂಡೆಗಳಿಗಿದ್ದಿತು. ನಮ್ಮ ಅರ್ಜಿಗಳಿಗೂ ಅದು ಬರಲಿ.

ಬೇರೆಯವರನ್ನು ದೂರುವ ಮೊದಲು ನಮ್ಮ ಮನೆಯಿಂದಲೇ ಆರಂಭಿಸೋಣ. ಶಾಲೆಯ ಪ್ರವೇಶದ ಅರ್ಜಿ, ಹಳೆಯ ವಿದ್ಯಾರ್ಥಿಗಳ ನೋಂದಣಿ, ದಾನಿಗಳು ಕಾಣಿಕೆ ಸಲ್ಲಿಸುವ ನಮೂನೆ ಇವುಗಳನ್ನು ಜಾಲತಾಣಕ್ಕೆ ಏರಿಸುವ ಮುನ್ನ ಅಧ್ಯಾಪಕರು ಒಂದು ಪರೀಕ್ಷೆ ಮಾಡಲಿ: ತೆರೆಯನ್ನು ಆರಿಸಿ, ಮೌಸನ್ನು ಬದಿಗಿಟ್ಟು, ಸ್ಕ್ರೀನ್ ರೀಡರನ್ನು ಕೇಳುತ್ತ ಅರ್ಜಿಯನ್ನು ಪೂರ್ತಿಯಾಗಿ ತುಂಬಿ ನೋಡಲಿ. ಅನಂತರ ಅಂಧರೊಬ್ಬರನ್ನು ಕರೆಸಿ, ಗೌರವಧನ ಕೊಟ್ಟು ಅವರಿಂದಲೂ ಪರೀಕ್ಷೆ ಮಾಡಿಸಲಿ. ನಗರಗಳಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಾವು ರಚಿಸುವ ಪ್ರತಿಯೊಂದು ಖಾನೆಗೂ ಹೆಸರಿಡಲಿ. ದಾನಿಗಳು ಗಣಕಯಂತ್ರಗಳನ್ನು ಕೊಡಿಸುವಾಗ ಅವುಗಳಲ್ಲಿ ಈ ಉಚಿತ ತಂತ್ರಾಂಶವೂ ಇರಲೆಂದು ಒಂದು ಮಾತು ಸೇರಿಸಲಿ.

ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ನಿನಗೆ ಕಣ್ಣಿದೆಯೇ ಎಂದು ಯಾರೂ ಕೇಳುವುದಿಲ್ಲ. ಎಲೆಯನ್ನು ಅವನ ಮುಂದೆಯೇ ಹಾಸಿ, ಬಡಿಸಿದ್ದೇನೆಂದು ಹೆಸರು ಹೇಳುತ್ತಾರೆ. ಉಣ್ಣುವ ಕೈ ಅವನದೇ. ಅಕ್ಷರ ದಾಸೋಹವೂ ಹಾಗೆಯೇ ನಡೆಯಲಿ.