ಎರಡು ನಿಮಿಷದ ಥ್ರಿಲ್ಲರ್, ಕತ್ತರಿಸಿ ಹೋದ ಕೊನೆ

ಪತ್ರಿಕೋದ್ಯಮ ಓದುವ ಹುಡುಗರಿಗೆ ಥ್ರಿಲ್ಲರ್ ಸಿನಿಮಾದ ಆರಂಭ ಶೂಟ್ ಮಾಡುವ ಅಸೈನ್‌ಮೆಂಟ್ ಯಾಕೆ ಕೊಡಬೇಕು? ನಮ್ಮ ಜಿಲ್ಲೆಯ ಹಿರಿಯ ವರದಿಗಾರರೊಬ್ಬರು ಈಚೆಗೆ ಚಹಾ ಅಂಗಡಿಯಲ್ಲಿ ಕೇಳಿದ ಪ್ರಶ್ನೆ ಇದು. ಪಹಣಿ ಓದಲು ಬರುವುದಿಲ್ಲ, ಎಫ್‌ಐಆರ್ ಪ್ರತಿ ಕೊಟ್ಟರೆ ಯಾವ ಸೆಕ್ಷನ್ ಅಂತ ತಿಳಿಯುವುದಿಲ್ಲ, ಗ್ರಾಮಸಭೆಯಲ್ಲಿ ಅರ್ಧ ಗಂಟೆ ಕೂರುವ ತಾಳ್ಮೆ ಇಲ್ಲ, ಇವರು ನೋಡಿದರೆ ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಕಬ್ಬಿನ ಗದ್ದೆಯಲ್ಲಿ ಓಡಾಡುತ್ತಾರೆ ಎಂಬುದು ಅವರ ಸಿಟ್ಟು. ಆ ಸಿಟ್ಟಿನಲ್ಲಿ ನ್ಯಾಯ ಇದೆ. ಆದರೂ ನಾನು ಆ ಅಸೈನ್‌ಮೆಂಟಿನ ಪರ. ನಮ್ಮ ಟಿವಿಗಳಲ್ಲಿ ಕ್ರೈಂ ಸುದ್ದಿ ಥ್ರಿಲ್ಲರ್ ಆಗಿ ಎಷ್ಟೋ ವರ್ಷವಾಯಿತು. ಭಯವನ್ನು ಎಡಿಟಿಂಗ್ ಟೇಬಲ್ಲಿನ ಮೇಲೆ ಹೇಗೆ ತಯಾರಿಸುತ್ತಾರೆ ಎಂಬುದನ್ನು ಒಮ್ಮೆ ತನ್ನ ಕೈಯಾರೆ ಮಾಡಿ ನೋಡಿದವನಿಗೆ ಮಾತ್ರ ಸುದ್ದಿಯೊಳಗೆ ಅದನ್ನು ಹಿಡಿಯುವ ಕಣ್ಣು ಬರುತ್ತದೆ.

ನನ್ನ ತಕರಾರು ಇರುವುದು ಆ ಅಸೈನ್‌ಮೆಂಟನ್ನು ನಾವು ಮಾಡಿಸುವ ರೀತಿಯ ಬಗ್ಗೆ.

ಡಿಗ್ರಿ ಕಾಲೇಜುಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಈ ಬ್ಲಾಗ್ ಓದುವವರಿಗೆ ಹೇಳಬೇಕಿಲ್ಲ. ನಾಲ್ಕೈದು ಜನರ ತಂಡ, ಒಂದು ಒಳ್ಳೆಯ ಫೋನು, ಒಂದು ಭಾನುವಾರ. ಕಥೆ ಹೆಚ್ಚುಕಡಿಮೆ ಒಂದೇ. ಸಂಜೆ ಹೊತ್ತು, ಖಾಲಿ ಬಸ್ ನಿಲ್ದಾಣ, ಒಬ್ಬಳೇ ಹುಡುಗಿ ಅಥವಾ ಆಟವಾಡುವ ಮಗು, ದೂರದಲ್ಲಿ ನಿಂತ ಬಿಳಿ ಓಮ್ನಿ. (ಭಾರತೀಯ ಸಿನಿಮಾ ಆ ಪಾಪದ ಗಾಡಿಗೆ ಮಾಡಿದ ಅನ್ಯಾಯ ಬೇರೆಯೇ ಲೇಖನ.) ಮದುವೆ ಫೋಟೋಗ್ರಾಫರ್ ಪರಿಚಯ ಇದ್ದರೆ ಒಂದು ಡ್ರೋನ್ ಶಾಟ್. ರಾತ್ರಿ ಕೈನ್‌ಮಾಸ್ಟರ್‌ನಲ್ಲೋ ಇನ್‌ಶಾಟ್‌ನಲ್ಲೋ ಕೂತು ಕಟ್ ಮಾಡಿ, ಎಲ್ಲಿಂದಲೋ ತೆಗೆದ ಧಡಾರ್ ಎನ್ನುವ ಮ್ಯೂಸಿಕ್ ಹಾಕಿದರೆ ಮುಗಿಯಿತು. ಮೇಷ್ಟ್ರಿಗೆ ಪೆನ್‌ಡ್ರೈವ್‌ನಲ್ಲಿ ಹೋಗುವ ಮೊದಲೇ ಅದರ ಮೂವತ್ತು ಸೆಕೆಂಡಿನ ತುಣುಕು ಎಲ್ಲರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಇರುತ್ತದೆ. ಆ ಮೂವತ್ತು ಸೆಕೆಂಡಿನ ಬಗ್ಗೆ ಆಮೇಲೆ ಹೇಳುತ್ತೇನೆ.

ಈ ಅಭ್ಯಾಸವನ್ನು ತೀರಾ ಗಂಭೀರವಾಗಿ ನಡೆಸಿದ್ದು ಇಂಗ್ಲೆಂಡಿನ ಶಾಲೆಗಳು. ಅಲ್ಲಿ ಪಿಯುಸಿ ವಯಸ್ಸಿನ ಮಕ್ಕಳಿಗೆ ಮೀಡಿಯಾ ಸ್ಟಡೀಸ್ ಎಂಬ ವಿಷಯ ಇದೆ. ಒಸಿಆರ್ ಎಂಬ ಪರೀಕ್ಷಾ ಮಂಡಳಿ 2008ರ ಪಠ್ಯಕ್ರಮದಲ್ಲಿ ಇಟ್ಟಿದ್ದ ಕೆಲಸ ಹೀಗಿತ್ತು: ಒಂದು ಹೊಸ ಕಥಾಚಿತ್ರದ ಟೈಟಲ್ ಮತ್ತು ಆರಂಭ, ಹೆಚ್ಚೆಂದರೆ ಎರಡು ನಿಮಿಷ. ಯಾವ ಬಗೆಯ ಸಿನಿಮಾ ಎಂಬುದು ಮಕ್ಕಳ ಆಯ್ಕೆ. ಅವರಲ್ಲಿ ಬಹಳಷ್ಟು ಜನ ಆರಿಸಿಕೊಂಡದ್ದು ಥ್ರಿಲ್ಲರ್. ಯೂಟ್ಯೂಬಿನಲ್ಲಿ ಹುಡುಕಿದರೆ ಈಗಲೂ ರಾಶಿ ಬೀಳುತ್ತವೆ. ತಲೆಗೆ ಹುಡ್ ಹಾಕಿಕೊಂಡ ಹುಡುಗ, ಒದ್ದೆ ರಸ್ತೆ, ಕಾಡಿನಲ್ಲಿ ಓಟ. ನಮ್ಮ ಕರ್ಚೀಫಿಗೆ ಅವರ ಹುಡ್ ಅಣ್ಣ ಅಷ್ಟೇ. ಆದರೆ ಅಂಕ ಕೊಡುತ್ತಿದ್ದ ರೀತಿ ನೋಡಿ. 100ರಲ್ಲಿ ವಿಡಿಯೊಗೆ 60. ಸಂಶೋಧನೆ ಮತ್ತು ಯೋಜನೆಗೆ 20. ಮಾಡಿದ ಮೇಲೆ ತಮ್ಮ ಕೆಲಸವನ್ನು ತಾವೇ ಅಳೆಯುವುದಕ್ಕೆ ಇನ್ನು 20. ದೃಶ್ಯವೂ ಧ್ವನಿಯೂ ಸ್ವಂತದ್ದಾಗಿರಬೇಕಿತ್ತು. ಸಂಗೀತ ಅಥವಾ ಸೌಂಡ್ ಎಫೆಕ್ಟ್ ಮಾತ್ರ ಹಕ್ಕುಸ್ವಾಮ್ಯ ಇಲ್ಲದ ಕಡೆಯಿಂದ ತರಬಹುದಿತ್ತು.

ಇದಕ್ಕೂ ಮೊದಲು ಇನ್ನೊಂದು ಸಣ್ಣ ಅಭ್ಯಾಸ ಕಡ್ಡಾಯವಾಗಿತ್ತು. ಒಬ್ಬರು ಬಾಗಿಲು ತೆಗೆದು ಒಳಗೆ ಬರುತ್ತಾರೆ, ಕೋಣೆ ದಾಟುತ್ತಾರೆ, ಇನ್ನೊಬ್ಬರ ಎದುರು ಕುರ್ಚಿಯಲ್ಲಿ ಕೂತು ಎರಡು ಮಾತಾಡುತ್ತಾರೆ. ಅಷ್ಟೇ. ಕೊಲೆ ಇಲ್ಲ, ಓಮ್ನಿ ಇಲ್ಲ. ಕೇಳಲು ಸಪ್ಪೆ, ಮಾಡಲು ಕೂತರೆ ಗೊತ್ತಾಗುತ್ತದೆ. ಹೊರಗಿನ ಶಾಟ್‌ನಲ್ಲಿ ಬಲಗೈಯಿಂದ ಬಾಗಿಲು ತಳ್ಳಿದವನು ಒಳಗಿನ ಶಾಟ್‌ನಲ್ಲಿ ಎಡಗೈಯಿಂದ ತಳ್ಳುತ್ತಿರುತ್ತಾನೆ. ಎದುರುಬದುರು ಕೂತವರು ಇಬ್ಬರೂ ಒಂದೇ ಕಡೆ ನೋಡುತ್ತಾ ಗೋಡೆ ಜೊತೆ ಮಾತಾಡಿದ ಹಾಗೆ ಕಾಣುತ್ತಾರೆ. ಕಾರಣ ಕ್ಯಾಮೆರಾ ಗೆರೆ ದಾಟಿರುವುದು. ಮಾತಾಡುವ ಇಬ್ಬರ ನಡುವೆ ಕಣ್ಣಿಗೆ ಕಾಣದ ಒಂದು ಗೆರೆ ಇದೆ ಎಂದುಕೊಂಡು, ಕ್ಯಾಮೆರಾ ಅದರ ಒಂದೇ ಬದಿಯಲ್ಲಿ ಇರಬೇಕು. 180 ಡಿಗ್ರಿ ನಿಯಮ ಎನ್ನುವುದು ಇದಕ್ಕೇ.

ಇದು ಸಿನಿಮಾದವರ ತಲೆನೋವು ಅಂದುಕೊಳ್ಳಬೇಡಿ. ಒಂದು ಪ್ರತಿಭಟನೆ ಶೂಟ್ ಮಾಡಲು ಹೋಗಿ ರಸ್ತೆಯ ಆ ಬದಿಯಿಂದ ನಾಲ್ಕು, ಈ ಬದಿಯಿಂದ ನಾಲ್ಕು ಶಾಟ್ ತಂದು ಜೋಡಿಸಿ ನೋಡಿ. ಪೊಲೀಸರು ಪ್ರತಿಭಟನಾಕಾರರನ್ನು ತಡೆದರೋ, ಅವರ ಜೊತೆಗೇ ಮೆರವಣಿಗೆ ಹೊರಟರೋ ನೋಡುವವರಿಗೆ ತಿಳಿಯುವುದಿಲ್ಲ. ಯಾರು ಯಾರ ಕಡೆ ನುಗ್ಗಿದರು ಎಂಬುದೇ ಕೇಸಿನ ತಿರುಳಾದಾಗ ಇದು ಸಣ್ಣ ವಿಷಯ ಅಲ್ಲ.

ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಮಾಡಿದ ಪ್ರಯೋಗವನ್ನು ಮೀಡಿಯಾ ಓದಿದ ಎಲ್ಲರೂ ನೋಟ್ಸ್‌ನಲ್ಲಿ ಬರೆದುಕೊಂಡಿರುತ್ತೇವೆ. ಒಬ್ಬ ನಟನ ಒಂದೇ ಮುಖಭಾವ. ಪಕ್ಕದಲ್ಲಿ ಸೂಪಿನ ಬಟ್ಟಲು ಇಟ್ಟರೆ ಹಸಿದವನಂತೆ, ಶವಪೆಟ್ಟಿಗೆ ಇಟ್ಟರೆ ದುಃಖದಲ್ಲಿ ಇದ್ದವನಂತೆ ಕಾಣುತ್ತಾನೆ. ಪರೀಕ್ಷೆಗೆ ಐದು ಅಂಕಕ್ಕೆ ಬರೆದು ಮರೆಯುತ್ತೇವೆ. ಈಗ ಸೂಪಿನ ಜಾಗದಲ್ಲಿ ಬೆಳೆ ಕಳೆದುಕೊಂಡು ಅಳುವ ರೈತನನ್ನು ಇಡಿ, ನಟನ ಜಾಗದಲ್ಲಿ ಯಾವುದೋ ಮದುವೆಯಲ್ಲಿ ನಗುತ್ತಿದ್ದ ಶಾಸಕರನ್ನು ಇಡಿ. ಎರಡೂ ನಿಜವಾದ ದೃಶ್ಯ. ಜೋಡಿಸಿದ್ದು ಮಾತ್ರ ಸುಳ್ಳು. ನೋಟ್ಸ್ ಓದಿದವನಿಗಿಂತ ಥ್ರಿಲ್ಲರ್ ಎಡಿಟ್ ಮಾಡಿದ ಹುಡುಗಿಗೆ ಇದು ಬೇಗ ಅರ್ಥವಾಗುತ್ತದೆ. ಏನೂ ಅರಿಯದೆ ಬೀಡಿ ಹಚ್ಚುತ್ತಿದ್ದ ತನ್ನ ಸೋದರಮಾವನ ಶಾಟನ್ನು ಆಟವಾಡುವ ಮಗುವಿನ ಪಕ್ಕ ಇಟ್ಟು, ಆತನನ್ನು ಅರೆಕ್ಷಣದಲ್ಲಿ ಖಳನನ್ನಾಗಿ ಮಾಡಿದ್ದು ಅವಳೇ ತಾನೆ.

ನಮ್ಮ ಸ್ಟ್ರಿಂಜರ್‌ಗಳಿಗೆ ಇದು ದಿನನಿತ್ಯದ ಅನುಭವ. ಕೆಲವು ವರ್ಷದ ಹಿಂದೆ ಬೈಕ್ ಕಳವಿನ ಸುದ್ದಿಗೆ ಅಂಗಡಿಯೊಂದರ ಸಿಸಿಟಿವಿ ತುಣುಕನ್ನು ಚಾನೆಲ್ ಒಂದರ ಡೆಸ್ಕ್‌ಗೆ ಕಳಿಸಿದ್ದೆ. ಯಾವನು ಕಳ್ಳ ಎಂದು ಬರೆದೂ ಇದ್ದೆ. ಸಿಸಿಟಿವಿಯಲ್ಲಿ ಧ್ವನಿ ಇರಲಿಲ್ಲ. ಪ್ರಸಾರವಾದಾಗ ಎದೆಬಡಿತದ ಸದ್ದು ಇತ್ತು, ಸ್ಲೋಮೋಷನ್ ಇತ್ತು, ಕೆಂಪು ವೃತ್ತ ಇತ್ತು. ವೃತ್ತದೊಳಗೆ ಇದ್ದದ್ದು ಬೈಕ್ ಪಕ್ಕದಲ್ಲಿ ಹಾಲಿನ ಕ್ಯಾನ್ ಇಳಿಸಿ ಒಂದು ಗಳಿಗೆ ನಿಂತಿದ್ದ ಹಾಲಿನವರು. ಅವರು ಎರಡು ದಿನ ಹಾಲು ಹಾಕಲು ಹೊರಗೆ ಬರಲಿಲ್ಲ. ಡೆಸ್ಕ್‌ನಲ್ಲಿ ಕೂತವರಿಗೆ ನನ್ನ ಮೇಲಾಗಲಿ ಅವರ ಮೇಲಾಗಲಿ ದ್ವೇಷ ಇರಲಿಲ್ಲ. ಸುಮ್ಮನೆ ನಿಂತ ಮನುಷ್ಯ ಸ್ಲೋಮೋಷನ್‌ನಲ್ಲಿ ಹೆಚ್ಚು ಅನುಮಾನಾಸ್ಪದವಾಗಿ ಕಾಣುತ್ತಾನೆ, ಅಷ್ಟೇ.

ಇನ್ನು ಆ ಮೂವತ್ತು ಸೆಕೆಂಡಿನ ಮಾತು. ಕರಾಚಿಯ ರೋಶನಿ ಎಂಬ ಮಕ್ಕಳ ಸಹಾಯವಾಣಿಗಾಗಿ ಒಂದು ಜಾಗೃತಿ ವಿಡಿಯೊ ಮಾಡಿದ್ದರು. ಸಿಸಿಟಿವಿಯಂತೆ ಮೇಲಿನಿಂದ ತೆಗೆದ ದೃಶ್ಯ. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ, ಬೈಕಿನಲ್ಲಿ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಮಗುವನ್ನು ಇಳಿಸಿ, ಮಕ್ಕಳನ್ನು ಅಪಹರಿಸುವುದು ಎಷ್ಟು ಸುಲಭ ನೋಡಿ ಎಂಬರ್ಥದ ಫಲಕ ಹಿಡಿಯುತ್ತಾರೆ. ಒಳ್ಳೆಯ ಕೆಲಸ, ಚೆನ್ನಾಗಿಯೇ ಮಾಡಿದ್ದರು. ಯಾರೋ ಆ ಕೊನೆಯನ್ನು ಕತ್ತರಿಸಿದರು. ಉಳಿದದ್ದು ಅಪಹರಣ ಮಾತ್ರ. 2018ರಲ್ಲಿ ಅದೇ ತುಣುಕು ಭಾರತದ ರಾಜ್ಯ ರಾಜ್ಯಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಒಕ್ಕಣೆ ಹೊತ್ತು ಓಡಾಡಿತು.

ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳ ಎಂದು ಗುಂಪು ಹೊಡೆದು ಕೊಂದಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಅಲೆಮಾರಿ ಸಮುದಾಯದ ಐವರು ಸತ್ತರು. ಅದೇ ತಿಂಗಳು ನಮ್ಮ ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಜನ ಅನುಮಾನಪಟ್ಟರು, ಅವರು ಕಾರು ಹತ್ತಿ ಹೊರಟರು, ಅವರ ವಿಡಿಯೊ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತು. ಮುರ್ಕಿಯಲ್ಲಿ ರಸ್ತೆ ಅಡ್ಡಗಟ್ಟಿದ್ದರು. ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಅಲ್ಲೇ ಪ್ರಾಣ ಬಿಟ್ಟರು, ಉಳಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆಮೇಲೆ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸಿತು.

ಮುರ್ಕಿಗೆ ಕರಾಚಿಯ ತುಣುಕೇ ನೇರ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಅಂಥ ತುಣುಕುಗಳು ತಿಂಗಳುಗಟ್ಟಲೆ ಹದ ಮಾಡಿದ್ದ ನೆಲದ ಮೇಲೆಯೇ ಆ ಚಾಕೊಲೇಟು ಬಿದ್ದದ್ದು. ಈಗ ನಮ್ಮ ವಿದ್ಯಾರ್ಥಿಗಳ ಬಸ್ ನಿಲ್ದಾಣ, ಮಗು, ಓಮ್ನಿಯ ಕಥೆ ನೆನಪಿಸಿಕೊಳ್ಳಿ. ಥ್ರಿಲ್ಲರ್ ಆರಂಭ ಎಂಬ ಅಸೈನ್‌ಮೆಂಟಿನ ಸ್ವಭಾವವೇ ಕೊನೆ ಇಲ್ಲದಿರುವುದು. ಮಗುವಿಗೆ ಏನಾಯಿತು ಎಂದು ಹೇಳದೆ ನಿಲ್ಲಿಸುವುದೇ ಅದರ ಗುಣ. ಕರಾಚಿಯ ವಿಡಿಯೊದಲ್ಲಿ ಕೊನೆ ತೆಗೆಯಲು ಯಾರಾದರೂ ಕೂತು ಕತ್ತರಿಸಬೇಕಿತ್ತು. ನಮ್ಮದರಲ್ಲಿ ಆ ಕೆಲಸವೂ ಉಳಿದಿಲ್ಲ. ಟೈಟಲ್ ಬರುವ ಮೊದಲ ಮೂವತ್ತು ಸೆಕೆಂಡನ್ನು ನಾವೇ ಸ್ಟೇಟಸ್‌ಗೆ ಹಾಕುತ್ತೇವೆ. ನಮ್ಮದೇ ಊರು, ನಮ್ಮದೇ ಬಸ್ ನಿಲ್ದಾಣ, ಗೋಡೆ ಮೇಲೆ ಊರಿನ ಹೆಸರು ಬೇರೆ ಕಾಣುತ್ತಿರುತ್ತದೆ.

ಹಾಗಂತ ಅಸೈನ್‌ಮೆಂಟ್ ನಿಲ್ಲಿಸಿಬಿಡಿ ಎಂದರೆ ಅದು ಸೋಮಾರಿತನದ ಉತ್ತರ. ಹುಡುಗರು ಅಸೈನ್‌ಮೆಂಟ್ ಇಲ್ಲದಿದ್ದರೂ ರೀಲ್ಸ್ ಮಾಡುತ್ತಾರೆ. ಕಾಲೇಜಿನಲ್ಲಿ ಮಾಡಿದರೆ ಕೊನೆಗೆ ಕೇಳುವವರಾದರೂ ಒಬ್ಬರು ಇರುತ್ತಾರೆ. ಏನು ಕೇಳಬೇಕು ಎಂಬುದೇ ಪ್ರಶ್ನೆ. ಇಂಗ್ಲೆಂಡಿನ ಆ ಪಠ್ಯಕ್ರಮ ಕೊನೆಗೆ ಏಳು ಪ್ರಶ್ನೆ ಕೇಳುತ್ತಿತ್ತು. ಅದರಲ್ಲಿ ಒಂದು, ನಿಮ್ಮ ವಿಡಿಯೊ ಯಾವ ಸಾಮಾಜಿಕ ಗುಂಪನ್ನು ಹೇಗೆ ತೋರಿಸಿದೆ ಎಂಬುದು. ಅಲ್ಲಿನ ಹುಡುಗರು ಹುಡ್ ಹಾಕಿದವನನ್ನು ಯಾಕೆ ಕೆಟ್ಟವನನ್ನಾಗಿ ಮಾಡಿದೆವು ಎಂದು ಪುಟಗಟ್ಟಲೆ ಬರೆಯಬೇಕಿತ್ತು. ನಮ್ಮ ವಿದ್ಯಾರ್ಥಿಗಳಿಗೆ ಈ ಒಂದು ಪ್ರಶ್ನೆ ಕೇಳಿದರೂ ಸಾಕು. ನಿನ್ನ ಖಳ ಯಾಕೆ ಭಿಕ್ಷುಕ? ಯಾಕೆ ಹಿಂದಿ ಮಾತಾಡುವ ಕೂಲಿ? ಗಡ್ಡ ಯಾಕೆ? ಜೋಳಿಗೆ ಹಾಕಿಕೊಂಡ ಅಲೆಮಾರಿ ಯಾಕೆ? ಧುಳೆಯಲ್ಲಿ ಸತ್ತವರು ಯಾರು ಎಂದು ಒಮ್ಮೆ ಹೇಳಿ ಈ ಪ್ರಶ್ನೆ ಕೇಳಿದರೆ ಕ್ಲಾಸಿನಲ್ಲಿ ಯಾರೂ ನಗುವುದಿಲ್ಲ.

ಖಳನನ್ನೇ ತೋರಿಸದ ಥ್ರಿಲ್ಲರ್ ಸಾಧ್ಯವೇ ಎಂದು ಕೇಳುವವರಿಗೆ ಕನ್ನಡದಲ್ಲೇ ಪಾಠ ಇದೆ. ಸುನೀಲ್ ಕುಮಾರ್ ದೇಸಾಯಿ 1993ರ ‘ನಿಷ್ಕರ್ಷ’ದಲ್ಲಿ ಮಣಿಪಾಲದ ಒಂದು ಕಟ್ಟಡವನ್ನು ಇಟ್ಟುಕೊಂಡು ಬ್ಯಾಂಕ್ ದರೋಡೆಯ ಇಡೀ ಸಿನಿಮಾ ಕಟ್ಟಿದರು. ಎರಡು ವರ್ಷದ ನಂತರ ‘ಬೆಳದಿಂಗಳ ಬಾಲೆ’ಯಲ್ಲಿ ನಾಯಕಿಯ ಮುಖವನ್ನೇ ತೋರಿಸದೆ, ಬರೀ ಫೋನಿನ ದನಿಯ ಮೇಲೆ ಕುತೂಹಲ ಹಿಡಿದಿಟ್ಟರು. ದುಡ್ಡಿಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ. ಬೀಗ ಹಾಕಿದ ಸ್ಟಾಫ್ ರೂಮು, ಒಳಗೆ ರಿಂಗಾಗುವ ಫೋನು, ಹೊರಗೆ ಒಬ್ಬ ಜವಾನ. ಯಾವ ಜಾತಿಯವನನ್ನೂ ಯಾವ ಊರಿನವನನ್ನೂ ಕಳ್ಳ ಮಾಡದೆ ಎರಡು ನಿಮಿಷ ಭಯ ಹುಟ್ಟಿಸಬಹುದು.

ಮ್ಯೂಸಿಕ್ ಬಗ್ಗೆ ನನ್ನದೊಂದು ಹಟ ಇದೆ. ಮೊದಲ ಕಟ್ ಮ್ಯೂಸಿಕ್ ಇಲ್ಲದೆ ತೋರಿಸಬೇಕು. ಚಪ್ಪಲಿ ಸದ್ದು, ಬಾಗಿಲ ಚಿಲಕ, ದೂರದ ಪಂಪ್‌ಸೆಟ್ಟು ಇವನ್ನು ಫೋನಿನಲ್ಲೇ ಬೇರೆಯಾಗಿ ರೆಕಾರ್ಡ್ ಮಾಡಿ ಹಾಕಲಿ. ಆಮೇಲೆ ಅದೇ ಕಟ್‌ಗೆ ಮ್ಯೂಸಿಕ್ ಹಾಕಿ ಮತ್ತೊಮ್ಮೆ ತೋರಿಸಲಿ. ಎರಡನ್ನೂ ನೋಡಿದ ಕ್ಲಾಸು ಆ ಹಾಲಿನವರ ಕೆಂಪು ವೃತ್ತವನ್ನು ತಾನಾಗಿಯೇ ಗುರುತಿಸುತ್ತದೆ.

ಮೇಷ್ಟ್ರುಗಳ ಕಷ್ಟ ಗೊತ್ತಿದೆ. ಬಹುಪಾಲು ಅತಿಥಿ ಉಪನ್ಯಾಸಕರು, ಲ್ಯಾಬ್ ಇಲ್ಲ, ಇದ್ದ ಕಂಪ್ಯೂಟರ್ ಆಫೀಸಿನ ಪಾಲು. ನಾನು ಕೇಳುವುದಕ್ಕೆ ಖರ್ಚು ಇಲ್ಲ. ಶೂಟಿಂಗ್‌ಗೆ ಹೋಗುವ ಮೊದಲು ಠಾಣೆಗೂ ಪಂಚಾಯಿತಿಗೂ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಹೋಗಲಿ. ಮಗುವನ್ನು ನಟಿಸಲು ಕರೆದರೆ ಅಪ್ಪ ಅಮ್ಮ ಸ್ಥಳದಲ್ಲಿ ಇರಲಿ. ‘ಇದು ನಟನೆ’ ಎಂಬ ಸಾಲು ಮತ್ತು ಕಾಲೇಜಿನ ಹೆಸರು ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೆ, ಕ್ರಾಪ್ ಮಾಡಿದರೂ ಹೋಗದಂತೆ ಚಿತ್ರದ ನಡುಭಾಗದ ಹತ್ತಿರ ಇರಲಿ. ಚಿತ್ರ ಕೆಡುತ್ತದೆ ಎಂದು ವಿದ್ಯಾರ್ಥಿಗಳು ಜಗಳ ಮಾಡುತ್ತಾರೆ, ಮಾಡಲಿ. ಸಿಸಿಟಿವಿಯಂತೆ ಕಾಣುವ ಫಿಲ್ಟರ್ ಮಾತ್ರ ಬೇಡವೇ ಬೇಡ.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನವರು ಬೇಕು ಎಂದರೆ ಈ ಬ್ಲಾಗಿನ ನಮ್ಮಲ್ಲಿ ಹೆಚ್ಚಿನವರು ತಾಲ್ಲೂಕು ಕೇಂದ್ರಗಳಲ್ಲೇ ಇದ್ದೇವೆ. ಬಸ್ ಚಾರ್ಜ್ ಕೂಡ ಬೇಡ. ಚಹಾ ಅಂಗಡಿಯ ಆ ಹಿರಿಯರನ್ನೂ ಕರೆದುಕೊಂಡು ಬರುತ್ತೇನೆ, ಎಫ್‌ಐಆರ್ ಓದುವುದನ್ನು ಅವರು ಹೇಳಿಕೊಡಲಿ.