ಜಗಲಿಯ ಮೇಲಿನ ಹೊಸ ಅಲೆ

ಕಳೆದ ಆಷಾಢದಲ್ಲಿ ಕೊಡ್ಲಿಪೇಟೆಯ ನಮ್ಮ ಮನೆಯಲ್ಲಿ ನಡೆದ ಸಣ್ಣದೊಂದು ವಿರಸವನ್ನು ವಾಚಕರ ಮುಂದಿಡಲು ನಮಗೆ ಸಂಕೋಚವಿಲ್ಲದಿಲ್ಲ. ಏಕೆಂದರೆ ತಪ್ಪು ನಮ್ಮದೇ. ಮಳೆ ಹಿಡಿದು ಮೂರು ದಿನವಾಗಿದ್ದಿತು, ವಿದ್ಯುತ್ತಿರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನು ಜಗಲಿಯಲ್ಲಿ ಕುಳಿತು, ಗಿಟಾರನ್ನು ಮೀಟುತ್ತ, ಶಿಶುನಾಳ ಶರೀಫರ ತತ್ತ್ವಪದವೊಂದನ್ನು ಹಾಡತೊಡಗಿದನು. ಧಾಟಿ ನಮಗೆ ಪರಿಚಿತವಾದುದಲ್ಲ. "ಇದು ಶರೀಫರ ಪದವೋ, ಇಂಗ್ಲಿಷರ ಕುಣಿತವೋ?" ಎಂದುಬಿಟ್ಟೆವು. "ಇದು ಹೊಸ ಅಲೆ, ತಾತ" ಎಂದನು. "ಅಲೆಯಾದರೆ ಅಂಗಳದಲ್ಲಿ ಹರಿಯಲಿ" ಎಂದೆವು. ಅವನು ವಾದ್ಯವನ್ನು ಚೀಲದಲ್ಲಿಟ್ಟನು. ಊರಿಗೆ ಹಿಂದಿರುಗುವ ತನಕ ಒಂದು ಸೊಲ್ಲನ್ನೂ ಹಾಡಲಿಲ್ಲ.

ಆ ಬಳಿಕ 'ಹೊಸ ಅಲೆ'ಯೆಂಬ ಮಾತು ನಮ್ಮನ್ನು ಬಿಡದಾಯಿತು. ನಮ್ಮ ವಯಸ್ಸಿನವರಿಗೆ ಅದು ಸಿನಿಮಾದ ಮಾತು. 1970ರ 'ಸಂಸ್ಕಾರ'ದ ತರುವಾಯ ಕನ್ನಡಿಗರ ಬಾಯಲ್ಲಿ ನೆಲೆಗೊಂಡುದು. ಫ್ರಾನ್ಸಿನ ಚಲನಚಿತ್ರಗಳಿಗೆ ಸಂದಿದ್ದ ಆ ಹೆಸರನ್ನು ಇಂಗ್ಲೆಂಡು, ಅಮೆರಿಕಗಳವರು 1970ರ ದಶಕದ ಕಡೆಯಲ್ಲಿ ಸಂಗೀತಕ್ಕೂ ಅಂಟಿಸಿದರು. ಅದಕ್ಕೂ ಮುಂಚೆ, 1958ರ ಸುಮಾರಿಗೆ, ಬ್ರೆಜಿಲಿನ ಜುವಾವ್ ಜಿಲ್ಬೆರ್ಟೊ ಎಂಬವರು ಸಾಂಬಾದ ಅಬ್ಬರವನ್ನು ಒಂದು ಗಿಟಾರಿಗೂ ಪಿಸುಮಾತಿನಂತಹ ಕಂಠಕ್ಕೂ ಇಳಿಸಿದಾಗ, ಅದಕ್ಕೆ 'ಬೋಸಾ ನೋವಾ', ಎಂದರೆ ಹೊಸ ರೀತಿ, ಎಂದೇ ಹೆಸರಾಯಿತು. 1980ರ ದಶಕದ ಆದಿಯಲ್ಲಿ ಜರ್ಮನಿಯ 'ಹೊಸ ಜರ್ಮನ್ ಅಲೆ'ಯವರ ವಿಶೇಷವೋ, ಇಂಗ್ಲಿಷನ್ನು ಬಿಟ್ಟು ತಾಯ್ನುಡಿಯಲ್ಲಿ ಹಾಡಿದುದು. ತಾಯ್ನುಡಿಯಲ್ಲಿ ಹಾಡುವುದೂ ಹೊಸತೇ ಎಂದು ನಮಗೆ ನಗು ಬಂದಿತು. ನಗುವಾಗಲೇ ಹಳೆಯದೊಂದು ನೆನಪಾಯಿತು.

1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದಿತು. ತರುಣರಾಗಿದ್ದ ನಾವು ಕಾಫಿ ಕೊಯ್ಲಿನ ಹಣದಲ್ಲಿ ಉಳಿಸಿ ಅದನ್ನು ಕೊಂಡುತಂದು, ಸಾಲ ಪಡೆದ ಯಂತ್ರದಲ್ಲಿ ಹಾಕಿದೆವು. ತಂದೆಯವರು ಒಂದು ಮಗ್ಗುಲು ಮುಗಿಯುವವರೆಗೂ ಮೌನವಾಗಿದ್ದು, "ಇದು ಕೀರ್ತನೆಯೂ ಅಲ್ಲ, ನಾಟಕದ ಪದವೂ ಅಲ್ಲ, ಕವಿತೆಯನ್ನು ಓದಲು ಬಾರದವರ ಉಪಾಯ" ಎಂದು ಎದ್ದುಹೋದರು. ಆ ಮಾತು ನಮಗೆ ಎಷ್ಟು ನೆಟ್ಟಿತೆಂದರೆ, ಅವರಿದ್ದಾಗ ಆ ಸುರುಳಿಯನ್ನು ಮತ್ತೆ ಹಾಕಲಿಲ್ಲ. ಆದರೆ ಪಿ. ಕಾಳಿಂಗರಾಯರು ರಾಜರತ್ನಂರವರ ಪದಗಳನ್ನು ಹಾಡಿದರೆ ಅವರೇ ಕಿವಿಗೊಟ್ಟು ಕೂಡುತ್ತಿದ್ದರು! ಹಾರ್ಮೋನಿಯಂ ಇಲ್ಲದೆ ಭಜನೆ ಕಳೆಗಟ್ಟದೆಂಬುದು ಅವರ ನಂಬಿಕೆ. ಆ ಪೆಟ್ಟಿಗೆಯೋ 19ನೆಯ ಶತಮಾನದಲ್ಲಿ ಯೂರೋಪಿನಿಂದ ಬಂದುದು. ನಮ್ಮ ಸಂಗೀತಕ್ಕೆ ಸಲ್ಲದೆಂದು 1940ರಲ್ಲಿ ಆಕಾಶವಾಣಿಯವರು ಅದನ್ನು ನಿಷೇಧಿಸಿ, ಆ ಕಟ್ಟನ್ನು ಸಡಿಲಿಸಲು 1971ರವರೆಗೆ ತೆಗೆದುಕೊಂಡರು. ಪಿಟೀಲಿನ ಮಾತಂತಿರಲಿ.

ಇನ್ನು ಶರೀಫರ ವಿಷಯ. ಅವರು ಬಾಳಿದುದು 1819ರಿಂದ 1889ರವರೆಗೆ. ಅವರ ಪದಗಳನ್ನು ಭಜನೆಯವರು ಏಕತಾರಿ, ದಮ್ಮಡಿಗಳೊಡನೆ ಹಾಡುತ್ತ ಬಂದರು. ಆದರೆ ನಾವು ಮೊಮ್ಮಗನ ಎದುರು 'ಮೂಲ ಧಾಟಿ'ಯೆಂದು ಪಟ್ಟುಹಿಡಿದುದು ಯಾವುದು? ಯೋಚಿಸಿ ನೋಡಿದರೆ, 1990ರ 'ಸಂತ ಶಿಶುನಾಳ ಶರೀಫ' ಚಿತ್ರದಲ್ಲಿ ಸಿ. ಅಶ್ವತ್ಥರು ಸಂಗೀತ ಕೊಟ್ಟುದನ್ನು! ನಮ್ಮ ಮದುವೆಗಿಂತಲೂ ಈಚಿನದು. 2008ರಲ್ಲಿ ಮೊದಲ ಸುರುಳಿಯನ್ನು ತಂದ ರಘು ದೀಕ್ಷಿತರು ಅವೇ ಶರೀಫರ ಪದಗಳನ್ನು ಗಿಟಾರಿನೊಡನೆ ಇಂಗ್ಲೆಂಡಿನ ವೇದಿಕೆಗಳವರೆಗೂ ಒಯ್ದುದು ನಮ್ಮ ಹುಡುಗನಿಗೆ ಬಾಲ್ಯದ ಸಂಗತಿ. ಅವನ ಪಾಲಿಗೆ ಅದು ಆಗಲೇ ಹಳತು. ಇಷ್ಟೆಲ್ಲ ಹೇಳಿದ ಮೇಲೂ, ತಾಳವಾದ್ಯದ ಗದ್ದಲದಲ್ಲಿ ಮಾತು ಮುಳುಗಬಾರದೆಂಬ ನಮ್ಮ ಆಕ್ಷೇಪವನ್ನು ನಾವು ಬಿಟ್ಟಿಲ್ಲ. ಅಂದು ಜಗಲಿಯಲ್ಲಿ ತಾಳವಾದ್ಯವೇ ಇರಲಿಲ್ಲವೆಂಬುದು ಬೇರೆ.

ಮೊನ್ನೆ ಅಟ್ಟದ ಪೆಟ್ಟಿಗೆಯಿಂದ 'ನಿತ್ಯೋತ್ಸವ'ವನ್ನು ಹುಡುಕಿ ತೆಗೆದೆವು. ಮಲೆನಾಡಿನ ತೇವಕ್ಕೆ ಸುರುಳಿ ಬೂಸಲು ಹಿಡಿದು ಅಂಟಿಕೊಂಡಿದೆ. ಅದನ್ನು ಸರಿಪಡಿಸಬಲ್ಲವರು ಬೆಂಗಳೂರಿನಲ್ಲಿ ಯಾರಾದರೂ ಇರುವರೋ ವಿಚಾರಿಸೆಂದೂ, ದೀಪಾವಳಿಗೆ ಬರುವಾಗ ಗಿಟಾರನ್ನು ಮರೆಯಬೇಡವೆಂದೂ ಮೊಮ್ಮಗನಿಗೆ ಬರೆದಿದ್ದೇವೆ. ಸುರುಳಿಯ ವಿಷಯವಾಗಿ ಉತ್ತರ ಬಂದಿದೆ. ಗಿಟಾರಿನ ವಿಷಯವಾಗಿ ಇನ್ನೂ ಬಂದಿಲ್ಲ.