ಮೊದಲ ಸೊನ್ನೆಗೂ ಬೆಲೆಯುಂಟು

2017-18ರಿಂದೀಚೆಗೆ ಯಾವುದೇ ವರ್ಷ 5 ಕೋಟಿ ರೂಪಾಯಿ ಮೀರಿ ವಹಿವಾಟು ನಡೆಸಿದ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ವರ್ತಕರು, ನೋಂದಾಯಿತ ಖರೀದಿದಾರರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ಪಡೆಯುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ.

ನಮ್ಮ ತಂತ್ರಾಂಶವು ಬಿಲ್ಲನ್ನು ಸರ್ಕಾರಿ ಪೋರ್ಟಲ್‌ನ ವೆಬ್ ಸೇವೆಗೆ ನೇರವಾಗಿ ಕಳುಹಿಸುವಾಗ, ಮಾರುವವರ ವಿವರ, ಕೊಳ್ಳುವವರ ವಿವರ, ಸರಕುಗಳ ಪಟ್ಟಿ, ಮೊತ್ತ ಇವೆಲ್ಲ ಒಂದರೊಳಗೊಂದು ಜೋಡಿಸಿದ ಡಬ್ಬಿಗಳಂತೆ ಹೋಗುತ್ತವೆ. ಸರಕು ಒಂದೇ ಇದ್ದರೂ ಪಟ್ಟಿಯ ರೂಪದಲ್ಲಿಯೇ ಇರತಕ್ಕದ್ದು. ಪಿನ್ ಕೋಡ್ ಸಂಖ್ಯೆಯಾಗಿರಬೇಕು. ಎಚ್‌ಎಸ್‌ಎನ್ ಸಂಕೇತವಾದರೋ ಪಠ್ಯವಾಗಿರಬೇಕು. ಅಡಿಕೆಯ ಸಂಕೇತ 080280. ತಂತ್ರಾಂಶವು ಇದನ್ನು ಸಂಖ್ಯೆಯೆಂದು ಎಣಿಸಿದರೆ ಮೊದಲ ಸೊನ್ನೆ ಉದುರಿ 80280 ಆಗುತ್ತದೆ, ಬಿಲ್ಲು ತಿರಸ್ಕೃತವಾಗುತ್ತದೆ.

ಕಡ್ಡಾಯವಿರುವಲ್ಲಿ ಇ-ಇನ್‌ವಾಯ್ಸ್ ಪಡೆಯದ ಬಿಲ್ಲನ್ನು ಜಿಎಸ್‌ಟಿ ನಿಯಮ 48(5) ಬಿಲ್ಲೆಂದೇ ಪರಿಗಣಿಸುವುದಿಲ್ಲ. ಕೊಂಡವರ ಇನ್‌ಪುಟ್ ತೆರಿಗೆ ಜಮೆಗೆ ಕುತ್ತು. ನಮಗೆ ದಂಡದ ಭಯ.

ಆದುದರಿಂದ ಎಲ್ಲವೂ ತಂತ್ರಾಂಶ ಮಾರಿದವರ ಹೊಣೆಯೆಂದು ಸುಮ್ಮನಿರುವುದು ತರವಲ್ಲ. ಹಣ ಕೊಡುವ ಮುನ್ನ ಒಂದೇ ಸರಕಿನ ಬಿಲ್ಲು, ಹಲವು ಸರಕುಗಳ ಬಿಲ್ಲು ಎರಡನ್ನೂ ಪೋರ್ಟಲ್‌ನ ಪರೀಕ್ಷಾ ವ್ಯವಸ್ಥೆಗೆ ಕಳುಹಿಸಿ ತೋರಿಸುವಂತೆ ವರ್ತಕ ಬಾಂಧವರು ಕೇಳಬೇಕು. ತೂಕ ನೋಡದೆ ಅಡಿಕೆ ಕೊಳ್ಳದ ನಾವು, ಪರೀಕ್ಷಿಸದೆ ತಂತ್ರಾಂಶ ಕೊಳ್ಳುವುದೇಕೆ?